ಕಾಯಿ ಇದ್ದಾಗಲೇ ಕುಯ್ಲು

ಮೂಡಿಗೆರೆ, ಕಳಸದ ಕಡೆ ಡಿಸೆಂಬರಿನಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅರೇಬಿಕಾ ಹಣ್ಣಾಗಿರುತ್ತದೆ. ಆಳು ಹೊಂದಿಸಬೇಕು, ಪಲ್ಪರ್ ನೋಡಬೇಕು, ಮೋಡ ಕಂಡರೆ ಕಣಕ್ಕೆ ಟಾರ್ಪಾಲು ಹಿಡಿದು ಓಡಬೇಕು. ಇದೇ ತಿಂಗಳ ಒಂದು ಭಾನುವಾರ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ‘ಕ್ಲಾಟ್’ ನಡೆದುಹೋಗುತ್ತದೆ. 2008ರಲ್ಲಿ ಶುರುವಾದಾಗ ಅದು ಮೇ ತಿಂಗಳ ಪರೀಕ್ಷೆ. ಪಿಯುಸಿ ಮುಗಿಸಿ ಬರೆಯಬಹುದಿತ್ತು. 2022ರ ಕೊನೆಯಿಂದ ಡಿಸೆಂಬರಿಗೆ ಬಂದಿದೆ. ‘ರಿಸಲ್ಟ್ ಬರಲಿ, ಆಮೇಲೆ ನೋಡೋಣ’ ಎನ್ನುವ ಮನೆಯ ಮಗುವಿಗೆ ಆ ವರ್ಷದ ಬಸ್ಸು ತಪ್ಪಿದಂತೆಯೇ.

ದೊಡ್ಡ ಲಾ ಫರ್ಮಿಗೆ ಅರ್ಜಿ ಯಾವಾಗ ಹಾಕಬೇಕು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಭಾನುವಾರದ ಸಂಗತಿಯನ್ನು. ಐದು ವರ್ಷದ ನಂತರದ ಕೆಲಸದ ಬಾಗಿಲು ತೆರೆಯುವುದು ಎರಡನೇ ಪಿಯುಸಿಯ ನಡುವೆ.

ಹಿಂದೆ ಹೀಗಿರಲಿಲ್ಲ. ಹುಡುಗ ಲಾ ಮುಗಿಸಿದರೆ ಅವನನ್ನು ಪರಿಚಯದ ವಕೀಲರ ‘ಹತ್ತಿರ ಬಿಡುತ್ತಿದ್ದರು’. ಅರ್ಜಿ, ಸಂದರ್ಶನ, ಕೊನೆಯ ದಿನಾಂಕ ಯಾವುದೂ ಇಲ್ಲ. ಸೀನಿಯರ್ ಹಿಂದೆ ಫೈಲು ಹೊತ್ತು ನಡೆಯುವುದು, ಮುಂದಿನ ತಾರೀಖು ಬರೆದುಕೊಳ್ಳುವುದು. ಸಂಬಳದ ಮಾತು ಎತ್ತುವುದು ಅವಿಧೇಯತೆ! ತೀರಾ ಚುರುಕಾದವರಿಗೆ ರಾಜಕೀಯವಿತ್ತು. ದಾರದಹಳ್ಳಿಯ ಡಿ.ಬಿ. ಚಂದ್ರೇಗೌಡರು ವಕೀಲರಾಗಿದ್ದು ಸಂಸತ್ತಿಗೆ ಹೋದರು, 1978ರಲ್ಲಿ ಇಂದಿರಾ ಗಾಂಧಿಯವರಿಗೆ ಕ್ಷೇತ್ರ ಬಿಟ್ಟುಕೊಟ್ಟರು, ಮುಂದೆ ರಾಜ್ಯದ ಕಾನೂನು ಸಚಿವರೂ ಆದರು. ಸಾಲಿಸಿಟರ್ ಎಂಬುವವರು ಬೊಂಬಾಯಿ, ಕಲ್ಕತ್ತೆಯ ಹೈಕೋರ್ಟುಗಳ ಮಾತಾಗಿತ್ತು. ನಮ್ಮ ಘಟ್ಟಕ್ಕೆ ಆ ಪದವೇ ಹತ್ತಿರಲಿಲ್ಲ.

ಕಾಫಿಯದೂ ಆಗ ಇದೇ ಕಥೆ. 1942ರ ಕಾಫಿ ಕಾಯ್ದೆಯ ಕಾಲದಿಂದ ಬೆಳೆ ಕಾಫಿ ಬೋರ್ಡಿನ ಪೂಲ್‌ಗೆ ಹೋಗುತ್ತಿತ್ತು. ಹಣ ಕಂತಿನಲ್ಲಿ ಬರುತ್ತಿತ್ತು. ಯಾವಾಗ ಮಾರಬೇಕೆಂಬ ತಲೆನೋವು ಬೆಳೆಗಾರನಿಗೆ ಇರಲಿಲ್ಲ. 1992ರ ನಂತರ ಪೂಲ್ ಸಡಿಲವಾಗುತ್ತ ಬಂದು 1996ರಲ್ಲಿ ಪೂರ್ತಿ ಬಿಡುಗಡೆ. ಅಂದಿನಿಂದ ಇಡಬೇಕೋ ಕೊಡಬೇಕೋ ಎಂದು ಪ್ರತಿ ಮನೆಯಲ್ಲೂ ಚರ್ಚೆ. ವಕೀಲಿಕೆಯ ಪೂಲ್ ಒಡೆದದ್ದೂ ಅದೇ ಉದಾರೀಕರಣದ ಹೊತ್ತಿನಲ್ಲಿ.

ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ಪಾಠ ಶುರುಮಾಡಿತು. ಐದು ವರ್ಷದ ಕೋರ್ಸ್. ಮೊದಲ ತಂಡ ಹೊರಬಂದದ್ದು 1993ರಲ್ಲಿ, ಅಂದರೆ ಆರ್ಥಿಕತೆ ತೆರೆದುಕೊಂಡ ಎರಡೇ ವರ್ಷಕ್ಕೆ. ಕಂಪನಿಗಳಿಗೆ ಕರಾರು ಬರೆಯುವವರು ಬೇಕಾಗಿದ್ದರು. 1911ರ ಖೇತಾನ್, 1917ರ ಅಮರ್‌ಚಂದ್‌ನಂಥ ಹಳೆಯ ಹೆಸರುಗಳು, ಆಮೇಲೆ ಹುಟ್ಟಿದ ಹೊಸ ಫರ್ಮುಗಳು, ಎಲ್ಲರ ಕಣ್ಣೂ ಕೆಲವೇ ಕ್ಯಾಂಪಸ್ಸುಗಳ ಮೇಲೆ. ಒಬ್ಬರು ಮೊದಲು ಬಂದರೆ ಇನ್ನೊಬ್ಬರು ಅದಕ್ಕೂ ಮೊದಲು. ಕ್ಯಾಂಪಸ್ ನೇಮಕಾತಿಯ ‘ಒಂದನೇ ದಿನ’ವೂ ತಡವೆನಿಸಿ ‘ಡೇ ಝೀರೋ’ ಎಂಬ ದಿನವೇ ಹುಟ್ಟಿತು. ಪದವಿಗೆ ಇನ್ನೂ ವರ್ಷವಿರುವಾಗಲೇ ಆಫರ್ ಕೈಗೆ. ಫ್ಲೈ ಪಿಕ್ಕಿಂಗ್ ಎಂಬ ಮೊದಲ ಕುಯ್ಲಿನಲ್ಲಾದರೂ ನಾವು ಕೆಂಪಗಾದ ಹಣ್ಣನ್ನೇ ಆರಿಸುತ್ತೇವೆ. ಇವರದು ಕಾಯಿ ಇದ್ದಾಗಲೇ ಕುಯ್ಲು.

ಲಂಡನ್ನಿನ ಫರ್ಮುಗಳೂ ಲಾ ಸ್ಕೂಲ್ ಇರುವ ನಾಗರಬಾವಿಗೆ ಬಂದವು. ಅವುಗಳ ಕ್ಯಾಲೆಂಡರು ಇನ್ನೂ ಮುಂದೆ. ಅಲ್ಲಿನ ಟ್ರೈನಿ ಸಾಲಿಸಿಟರ್ ತರಬೇತಿ ಎರಡು ವರ್ಷದ್ದು, ಅದಕ್ಕೆ ಆಯ್ಕೆ ಸುಮಾರು ಎರಡು ವರ್ಷ ಮೊದಲೇ. ಕಾನೂನು ಓದುವವರು ಕೊನೆಯ ವರ್ಷದ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಕೊನೆಯ ದಿನಾಂಕ ಇದ್ದರೂ ಹಲವು ಕಡೆ ಅರ್ಜಿ ಬಂದಂತೆಲ್ಲ ಸೀಟು ತುಂಬುತ್ತ ಹೋಗುತ್ತದೆ. ಕೊನೆಯ ದಿನದವರೆಗೆ ಕಾಯುವುದು, ಸಂತೆ ಮುಗಿಯುವ ಹೊತ್ತಿಗೆ ಚೀಲ ಹಿಡಿದು ಹೋದಂತೆ.

ಇಲ್ಲಿ ಕೆಲಸದ ದಾರಿ ಇಂಟರ್ನ್‌ಶಿಪ್. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಐದು ವರ್ಷದ ಕೋರ್ಸಿಗೆ ಕನಿಷ್ಠ 20 ವಾರ ಬೇಕು, ಮೂರು ವರ್ಷದ್ದಕ್ಕೆ 12. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವಂತಿಲ್ಲ. ಅಲ್ಲಿಗೆ ವರ್ಷಕ್ಕೊಂದು ಪಾಳಿ ಎಂದಾಯಿತು. ಒಂದು ಸಲವಾದರೂ ವಿಚಾರಣಾ ಮತ್ತು ಮೇಲ್ಮನವಿ ವಕೀಲರ ಬಳಿ ಕೂರಲೇಬೇಕು. ಮೊದಲ ವರ್ಷವೇ ಮೂಡಿಗೆರೆ ಕೋರ್ಟಿನಲ್ಲಿ ಇದನ್ನು ಶುರುಮಾಡುವುದು ಜಾಣತನ. ಗೇಣಿ, ಹಕ್ಕುಪತ್ರ, ಒತ್ತುವರಿಯ ಕಡತ ತಿರುವಿದವರಿಗೆ ಜಮೀನಿನ ಟೈಟಲ್ ನೋಡಲು ಯಾರೂ ಹೇಳಿಕೊಡಬೇಕಿಲ್ಲ. ಫರ್ಮು ಹುಡುಗರನ್ನು ತೂಗಿ ನೋಡುವುದು ನಾಲ್ಕು, ಐದನೇ ವರ್ಷದ ಪಾಳಿಗಳಲ್ಲಿ; ಅವಕ್ಕೆ ತಿಂಗಳುಗಟ್ಟಲೆ ಮೊದಲೇ ಬರೆಯಬೇಕು.

ಇದಾವುದೂ ಗುಟ್ಟಲ್ಲ. ಆದರೆ ಸಿಲೆಬಸ್ಸಿನಲ್ಲೂ ಇಲ್ಲ. ನಾಗರಬಾವಿಯಲ್ಲಿ ಇದು ಮೆಸ್ಸಿನ ಊಟದ ಜೊತೆ ಸೀನಿಯರಿಂದ ಜೂನಿಯರಿಗೆ ಇಳಿಯುತ್ತದೆ. ಜಿಲ್ಲಾ ಕೇಂದ್ರದ ಕಾಲೇಜಿನವರಿಗೆ ಹೇಳುವ ಸೀನಿಯರೇ ಇರುವುದಿಲ್ಲ. ಅಂಕದಲ್ಲಿ ಅಂತರ ಕಡಿಮೆ, ತಾರೀಖಿನಲ್ಲಿ ಹೆಚ್ಚು.

ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಲಾ ಸ್ಕೂಲಿನಲ್ಲಿ ಈಗ ಶೇ 25ರ ಮೀಸಲು ಇದೆ. ಕಳಸದ ಹುಡುಗಿಗೂ ಅದರಲ್ಲಿ ಪಾಲಿದೆ. ಆದರೆ ಕ್ಲಾಟ್ ಅರ್ಜಿ ತೆರೆಯುವುದು ಮಳೆಗಾಲದಲ್ಲಿ, ಮರ ಬಿದ್ದು ಎರಡೆರಡು ದಿನ ಕರೆಂಟು ಇಲ್ಲದಿರುವಾಗ, ನೆಟ್‌ವರ್ಕಿಗೆ ಗುಡ್ಡ ಹತ್ತಬೇಕಾದಾಗ. ಮುಚ್ಚುವ ಹೊತ್ತಿಗೆ ತೋಟದಲ್ಲಿ ಫ್ಲೈ ಪಿಕ್ಕಿಂಗ್‌ಗೆ ಆಳು ಹುಡುಕುತ್ತಿರುತ್ತಾರೆ.