ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪ

ಧರ್ಮಬೋಧನೆಗಾಗಿ ಊರೂರು ಸಂಚರಿಸುವವರು ತಾವು ಹೇಳಬೇಕಾದುದನ್ನು ಹೇಳಿ ಮುಂದಿನ ಊರಿಗೆ ಸಾಗುವುದು ವಾಡಿಕೆ. ಅಂಥವರಲ್ಲಿ ಕೆಲವರು ಮಾತ್ರ ಹೋದ ಊರಿನಲ್ಲಿ ಏನಿದೆಯೆಂದು ವಿಚಾರಿಸಿ, ಅದನ್ನು ಸಂಗ್ರಹಿಸಿ ಕಾಪಾಡಿದರು. ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿದ್ದ ಪಾದ್ರಿ ಕ್ಲಾಡಿಯಸ್ ಬುಕಾನನ್ ಅಂಥವರಲ್ಲೊಬ್ಬರು. 1806ರಲ್ಲಿ ದಕ್ಷಿಣ ಭಾರತದ ಪ್ರವಾಸ ಕೈಗೊಂಡ ಅವರಿಗೆ ಕೇರಳದ ಸಿರಿಯನ್ ಕ್ರೈಸ್ತರ ಬಿಷಪ್ಪರು ಸಿರಿಯಾಕ್ ಭಾಷೆಯ ಅತಿ ಪ್ರಾಚೀನ ಸತ್ಯವೇದದ ಹಸ್ತಪ್ರತಿಯನ್ನು ಕೊಟ್ಟರು. ಕೊಚ್ಚಿಯ ಯಹೂದ್ಯರಿಂದ ಅವರಿಗೆ ಕೆಂಬಣ್ಣದ ಚರ್ಮದ ಮೇಲೆ ಬರೆದ ಧರ್ಮಗ್ರಂಥದ ಸುರುಳಿಯೊಂದು ದೊರೆಯಿತು. ಅದರ ಉದ್ದ ಸುಮಾರು 48 ಅಡಿ. ಇವೆರಡೂ ಇಂದು ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. ಆದರೆ ಅವುಗಳನ್ನು ಪೂಜ್ಯವೆಂದು ಇರಿಸಿಕೊಂಡಿದ್ದ ಜನರಿಂದ ಅವು ಬಹು ದೂರ ಸರಿದಿವೆ.

ನಮ್ಮ ನಾಡಿನಲ್ಲಿ ಇಂಥ ಸಂಗ್ರಹಕಾರ್ಯ ಬೇರೊಂದು ದಾರಿ ಹಿಡಿಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಬೋಧಕರು ಕನ್ನಡ ಕಲಿತರು. ಹರ್ಮನ್ ಮೋಗ್ಲಿಂಗರು ಹಳೆಯ ಕಾವ್ಯಗಳನ್ನು ಸಂಪಾದಿಸಿ, 1848ರಿಂದ 1853ರವರೆಗೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚು ಹಾಕಿಸಿದರು. ಫರ್ಡಿನಂಡ್ ಕಿಟ್ಟೆಲರು ಹಲವು ದಶಕ ದುಡಿದು 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಪ್ರಕಟಿಸಿದರು. ಇದೇ ಪರಂಪರೆಯಲ್ಲಿ ಬೆಳೆದ ಕನ್ನಡಿಗ ಬೋಧಕರು, 'ತಿರುಳ್ಗನ್ನಡದ ತಿರುಕ'ನೆಂದು ಪ್ರಸಿದ್ಧರಾದ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಚನ್ನಪ್ಪನವರು ಜನಿಸಿದ್ದು 1881ರಲ್ಲಿ ಧಾರವಾಡದಲ್ಲಿ. ಮಂಗಳೂರಿನಲ್ಲಿ ದೇವಜ್ಞಾನಶಾಸ್ತ್ರವನ್ನು ಅಭ್ಯಾಸ ಮಾಡಿ, ಬಾಸೆಲ್ ಮಿಶನ್ನಿನ ಬೋಧಕರಾಗಿ ಉತ್ತರ ಕರ್ನಾಟಕದಲ್ಲಿ ಸೇವೆ ಸಲ್ಲಿಸಿದರು. ಹಳ್ಳಿಗಳಲ್ಲಿ ಸಂಚರಿಸಿ ಕ್ರಿಸ್ತವಾಣಿಯನ್ನು ಸಾರುವುದು ಅವರ ಕರ್ತವ್ಯವಾಗಿತ್ತು. ಆ ಹಳ್ಳಿಗಳ ಜನರಾದರೋ ನೀತಿಯನ್ನು ಹೇಳಬೇಕಾದಾಗ, ಜಗಳ ತೀರಿಸಬೇಕಾದಾಗ, ಡಾಂಭಿಕರನ್ನು ಹಳಿಯಬೇಕಾದಾಗ ಸರ್ವಜ್ಞನ ತ್ರಿಪದಿಯನ್ನೇ ಪ್ರಮಾಣವಾಗಿ ಎತ್ತಿ ಹೇಳುತ್ತಿದ್ದರು. ಬೋಧಿಸಲು ಹೋದವರು ಕೇಳಲು ಕುಳಿತರು. ಚನ್ನಪ್ಪನವರ ಜೀವನದ ಹಿರಿಮೆಯೆಲ್ಲ ಇದರಲ್ಲಿಯೇ ಅಡಗಿದೆ.

ಸರ್ವಜ್ಞನ ವಚನಗಳನ್ನು ಒಟ್ಟುಗೂಡಿಸುವುದು ಸುಲಭದ ಕೆಲಸವಲ್ಲ. ಕವಿಯ ಕಾಲದೇಶಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವನು ಊರೂರು ತಿರುಗಿ ಹೇಳಿದ ಮೂರು ಸಾಲಿನ ಪದ್ಯಗಳು ಕೆಲವು ಓಲೆಗರಿಗಳಲ್ಲಿ, ಕೆಲವು ಕಾಗದದ ಪ್ರತಿಗಳಲ್ಲಿ, ಉಳಿದವು ಜನರ ನಾಲಗೆಯ ಮೇಲೆ ಹರಡಿದ್ದವು. ಒಂದೇ ವಚನಕ್ಕೆ ಊರಿಗೊಂದು ಪಾಠ. ಕೊನೆಯಲ್ಲಿ 'ಸರ್ವಜ್ಞ' ಎಂಬ ಅಂಕಿತವನ್ನು ಸೇರಿಸಿದರೆ ಯಾರ ಪದ್ಯವಾದರೂ ಅವನದಾಗಿ ಬಿಡುವ ಅಪಾಯ ಬೇರೆ! ಪ್ರತಿಗಳನ್ನು ಹೋಲಿಸಿ, ಪಾಠಗಳನ್ನು ತೂಗಿ, ವಿಷಯಾನುಸಾರವಾಗಿ ವಿಂಗಡಿಸಿ, 1924ರಲ್ಲಿ ಅವರು ಸುಮಾರು 2,000 ವಚನಗಳ ಸಂಗ್ರಹವನ್ನು ಹೊರತಂದರು. ತೆಲುಗಿನ ವೇಮನನಿಗೆ ಸಿ. ಪಿ. ಬ್ರೌನರು 1829ರಲ್ಲಿ ಮಾಡಿದ ಉಪಕಾರವನ್ನು ಕನ್ನಡದ ಸರ್ವಜ್ಞನಿಗೆ ಚನ್ನಪ್ಪನವರು ಮಾಡಿದರೆನ್ನಬಹುದು. ಹಿಂದಿನ ವರ್ಷವಷ್ಟೇ, ಧಾರವಾಡದಲ್ಲಿಯೇ ಹುಟ್ಟಿದ ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟವಾಗಿತ್ತು. ಎರಡು ವರ್ಷಗಳೊಳಗೆ ಕನ್ನಡಿಗರ ಎರಡು ನಿಧಿಗಳು ಬೆಳಕಿಗೆ ಬಂದವು.

ಚನ್ನಪ್ಪನವರು ತಮ್ಮ ನಂಬಿಗೆಯನ್ನು ಬಿಟ್ಟುಕೊಟ್ಟವರಲ್ಲ. ಕೊನೆಯವರೆಗೂ ಕ್ರಿಸ್ತಭಕ್ತರಾಗಿಯೇ ಬಾಳಿದರು. 'ಬನಾರಸಕ್ಕೆ ಬೇಥ್ಲೆಹೇಮಿನ ವಿನಂತಿ' ಎಂಬ ತಮ್ಮ ಕೃತಿಗೆ ಅವರಿಟ್ಟ ಹೆಸರನ್ನು ಗಮನಿಸಬೇಕು: ಆಜ್ಞೆಯಲ್ಲ, ವಿನಂತಿ. ಶಿವಶರಣರ ವಚನಗಳನ್ನೂ ಅವರು ಆಳವಾಗಿ ಅಭ್ಯಸಿಸಿದರು. ಅನುಭವಮಂಟಪವು ಬರಿಯ ಕಲ್ಪನೆಯೆಂಬ ಶಂಕೆ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ಬರೆದವರು ಈ ಕ್ರೈಸ್ತ ಬೋಧಕರು. ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿದ ಮರುವರ್ಷ, 1949ರಲ್ಲಿ, ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿ ಗೌರವಿಸಿತು. 1962ರಲ್ಲಿ ಅವರು ಪ್ರಭುವಿನಲ್ಲಿ ವಿಶ್ರಮಿಸಿದರು.

ಬುಕಾನನರ ಸಂಗ್ರಹವನ್ನು ನೋಡಬೇಕಾದರೆ ಇಂದಿಗೂ ಸಮುದ್ರ ದಾಟಬೇಕು. ಚನ್ನಪ್ಪನವರು ಜನರಿಂದ ಪಡೆದುದನ್ನು ಅಚ್ಚು ಮಾಡಿಸಿ ಜನರಿಗೇ ಮರಳಿ ಒಪ್ಪಿಸಿದರು. ಪಾಠಶಾಲೆಯ ಮಗುವಿಗೂ ಸರ್ವಜ್ಞ ಪರಿಚಿತನಾಗಿರುವುದರಲ್ಲಿ ಅವರ ಶ್ರಮದ ಪಾಲು ದೊಡ್ಡದು.

ಪುಣೆಯ ಕನ್ನಡಿಗರಾದ ನಮಗೆ ಈ ಚರಿತ್ರೆ ದೂರದ್ದಲ್ಲ. 1956ರವರೆಗೆ ಧಾರವಾಡವೂ ಪುಣೆಯೂ ಒಂದೇ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಹಸ್ತಪ್ರತಿಗಳ ಬೆಲೆಯೇನೆಂಬುದನ್ನು 1917ರಲ್ಲಿ ಸ್ಥಾಪಿತವಾದ ಇಲ್ಲಿನ ಭಾಂಡಾರಕರ ಸಂಸ್ಥೆ ಲೋಕಕ್ಕೆ ತೋರಿಸಿಕೊಟ್ಟಿದೆ. ಆದರೆ ನಮ್ಮ ಮನೆಗಳಲ್ಲಿರುವ ಗ್ರಂಥಭಂಡಾರಗಳ ಕಡೆಗೆ ನಮ್ಮ ಲಕ್ಷ್ಯ ಹೋಗಿದೆಯೇ? ಊರಿನಿಂದ ಮಗನ ಮನೆಗೆ ಬಂದಿರುವ ಅಜ್ಜಿಗೆ ಬೀಸುವ ಪದಗಳು, ಒಗಟುಗಳು, ಗಾದೆಗಳು ನೂರಾರು ನೆನಪಿರುತ್ತವೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮೊಮ್ಮಗುವಿಗೆ ಅವು ದಾಟದಿದ್ದರೆ ಅವಳೊಡನೆಯೇ ಮುಗಿದು ಹೋಗುತ್ತವೆ. ಬಿಡುವಿನ ವೇಳೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಹಿರಿಯರ ಬಳಿ ಕುಳಿತು, ಅವರು ಹೇಳಿದಂತೆಯೇ ಬರೆದುಕೊಳ್ಳುವ ಕೆಲಸಕ್ಕೆ ಪಾಂಡಿತ್ಯ ಬೇಕಿಲ್ಲ, ಧನವೂ ಬೇಕಿಲ್ಲ. ಕೇಳುವ ತಾಳ್ಮೆಯೊಂದಿದ್ದರೆ ಸಾಕು. ಆ ತಾಳ್ಮೆಯನ್ನು ರೆವರೆಂಡ್ ಚನ್ನಪ್ಪನವರಿಂದ ನಾವು ಕಲಿಯಬಹುದಾಗಿದೆ.