ಬ್ರೇಕ್ ಫೇಲ್ ಆಗುವ ಮೊದಲು



ಶೀರ್ಷಿಕೆ ಓದಿ, "ಇದೇನು, ಈ ಕಾಕೂ ಅಡುಗೆಯ ವಿಷಯ ಬಿಟ್ಟು ಗ್ಯಾರೇಜಿಗೆ ಹೊರಟರೇ?" ಎಂದು ನಗಬೇಡಿ. ಪುಣೆಯಲ್ಲಿ ನೆಲೆಸಿದ ನಮ್ಮ ಜನರ ಎಷ್ಟೋ ಮನೆಗಳಲ್ಲಿ ಅನ್ನ ಹುಟ್ಟುವುದೇ ಒಂದು ಸಣ್ಣ ಗಾಡಿಯ ಮೇಲೆ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಹೋಟೆಲಿಗೆ ತರಕಾರಿ ತರುವುದು, ಮದುವೆ ಹಾಲಿಗೆ ಪಾತ್ರೆ ಸಾಗಿಸುವುದು, ಸಂಘದ ಕಾರ್ಯಕ್ರಮಕ್ಕೆ ಕುರ್ಚಿ, ಪರದೆ, ಹಾರ್ಮೋನಿಯಂ ಹೊರುವುದು, ಎಲ್ಲಕ್ಕೂ ಅದೇ. ನಮ್ಮ ಮನೆಯಲ್ಲೂ ಕ್ಯಾಂಟೀನ್ ಕೆಲಸಕ್ಕೆ ಅಂಥದೊಂದು ಇದೆ. ನೀವು ಕಾಲೇಜು, ಕಂಪ್ಯೂಟರ್ ಎಂದು ಓಡಾಡುವವರು. ಅಪ್ಪನ ಗಾಡಿಯ ಬ್ರೇಕ್ ಹೇಗಿದೆ ಎಂದು ಎಂದಾದರೂ ಕೇಳಿದ್ದೀರಾ? ಕೇಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಇಂಥ ಗಾಡಿಗಳಲ್ಲಿ ಹೆಚ್ಚು ಪರಿಚಿತವಾದದ್ದು ಟಾಟಾ ಏಸ್. ಜನ ಪ್ರೀತಿಯಿಂದ ಛೋಟಾ ಹಾಥಿ ಎಂದು ಕರೆಯುತ್ತಾರೆ. 2005ರಲ್ಲಿ ಅದು ಹೊರಬಂದಾಗ ಮೊದಲು ತಯಾರಾದದ್ದು ನಮ್ಮ ಪುಣೆಯಲ್ಲೇ. ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಇಂಜಿನ್, ಸುಮಾರು ಮುಕ್ಕಾಲು ಟನ್ ಹೊರುವ ಶಕ್ತಿ. ಮೂರು ಚಕ್ರದ ಟೆಂಪೋ ಓಡಿಸುತ್ತಿದ್ದವರಿಗೆ ಇದು ದೊಡ್ಡ ಬಡತಿಯೇ ಆಗಿತ್ತು! ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್. ಮಾರುತಿ ವ್ಯಾನಿನಲ್ಲೂ ಇದೇ ಏರ್ಪಾಡು. ಆದ್ದರಿಂದ ಮುಂದೆ ಹೇಳುವ ಮಾತು ಬಹುತೇಕ ಎಲ್ಲ ಸಣ್ಣ ಗಾಡಿಗಳಿಗೂ ಹೊಂದುತ್ತದೆ.

ಮೊದಲು ನವಲೆ ಸೇತುವೆಯ ವಿಷಯ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ನೀವು ಊರಿನಿಂದ ಮರಳುವಾಗ ಕಾತ್ರಜ್ ಹೊಸ ಸುರಂಗ ದಾಟಿದ ಮೇಲೆ ರಸ್ತೆ ನವಲೆ ಸೇತುವೆಯ ತನಕ ಇಳಿಯುತ್ತಲೇ ಇರುತ್ತದೆ. ರಾತ್ರಿಯೆಲ್ಲ ಓಡಿಸಿದ ಚಾಲಕನಿಗೆ ಮನೆ ಬಂತು ಎನ್ನುವ ಅವಸರ ಬೇರೆ. 2022ರ ನವೆಂಬರ್ 20ರಂದು ಈ ಇಳಿಜಾರಿನಲ್ಲಿ ಒಂದು ಟ್ರಕ್ ನಲವತ್ತಕ್ಕೂ ಹೆಚ್ಚು ವಾಹನಗಳಿಗೆ ಹಾನಿ ಮಾಡಿತು. "ಬ್ರೇಕ್ ಫೇಲ್" ಎಂದು ಅಂದೇ ಸುದ್ದಿ ಹಬ್ಬಿತು. ಆಮೇಲೆ ಪೊಲೀಸರು ಹೇಳಿದ್ದು ಬೇರೆ: ಚಾಲಕ ಇಂಧನ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿದ್ದ! 2025ರ ನವೆಂಬರ್ 13ರಂದು ಅದೇ ಜಾಗದಲ್ಲಿ ಮತ್ತೊಂದು ಭಾರಿ ವಾಹನ ನಿಯಂತ್ರಣ ತಪ್ಪಿ, ಬೆಂಕಿ ಹತ್ತಿ, ಹಲವರು ಜೀವ ಕಳೆದುಕೊಂಡರು.

ಇಂಜಿನ್ ಬಂದ್ ಮಾಡಿದರೆ ಬ್ರೇಕಿಗೆ ಏನಾಗುತ್ತದೆ? ದೊಡ್ಡ ಟ್ರಕ್ಕಿನ ಬ್ರೇಕ್ ಗಾಳಿಯ ಒತ್ತಡದಿಂದ ನಡೆಯುವಂಥದು. ಆ ಗಾಳಿ ತುಂಬುವುದು ಇಂಜಿನ್. ನಮ್ಮ ಸಣ್ಣ ಗಾಡಿಯಲ್ಲಿ ಬೂಸ್ಟರ್ ಎಂಬ ದುಂಡನೆಯ ಡಬ್ಬಿ ಇರುತ್ತದೆ. ಇಂಜಿನ್ ನಡೆಯುತ್ತಿರುವಾಗ ಅದರೊಳಗಿನ ಗಾಳಿಯನ್ನು ಹೀರಿ ತೆಗೆಯಲಾಗುತ್ತದೆ. ಆ ನಿರ್ವಾತದ ಬಲವೇ ನಮ್ಮ ಕಾಲಿನ ಬಲಕ್ಕೆ ಸೇರುವುದು. ಇಂಜಿನ್ ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಆ ಸಹಾಯ ಮುಗಿಯಿತು. ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಬ್ರೇಕ್ ಪೂರ್ತಿ ಹೋಗಿರುವುದಿಲ್ಲ, ಆದರೆ ನಿಲ್ಲಿಸಲು ಬೇಕಾದ ಬಲ ಗಾಬರಿಗೊಂಡ ಕಾಲಿನಲ್ಲಿ ಇರುವುದಿಲ್ಲ.

ನ್ಯೂಟ್ರಲ್ ಮಾಡಿ ಇಳಿಸುವವರದು ಇನ್ನೊಂದು ಬಗೆ. ಗೇರಿನಲ್ಲಿದ್ದರೆ ಇಂಜಿನ್ ತಾನೇ ಗಾಡಿಯನ್ನು ಹಿಡಿದೆಳೆಯುತ್ತದೆ. ನ್ಯೂಟ್ರಲ್ ಮಾಡಿದರೆ ಎಲ್ಲ ಭಾರ ಬ್ರೇಕಿನ ಮೇಲೆ. ಡೀಸೆಲ್ ಉಳಿಯುತ್ತದೆ ಎಂಬುದೂ ಈಗ ಹಳೆಯ ಮಾತು. ಇಲೆಕ್ಟ್ರಾನಿಕ್ ವಿಧಾನದ ಇಂಜಿನ್ನುಗಳಲ್ಲಿ ಗೇರಿನಲ್ಲಿಯೇ ಇಳಿಯುತ್ತ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಇಂಧನ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೋ ಇಂಜಿನ್ ತಿರುಗುತ್ತಿರಲು ಸ್ವಲ್ಪವಾದರೂ ಬೇಕೇ ಬೇಕು. ಘಾಟಿನ ಹಳೆಯ ಚಾಲಕರ ಲೆಕ್ಕ ಸರಳ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಸಾಸವಡದಿಂದ ಸೀತಾಫಲದ ಬುಟ್ಟಿ ಹೇರಿಕೊಂಡು ದಿವೆ ಘಾಟ್ ಇಳಿಯುವ ಗಾಡಿಗಳನ್ನು ಗಮನಿಸಿ. ಅನುಭವಿ ಚಾಲಕ ನಿಧಾನವಾಗಿ, ಇಂಜಿನ್ ಗುರ್ರೆನ್ನಿಸುತ್ತ ಬರುತ್ತಾನೆ. ಸದ್ದಿಲ್ಲದೆ ಜಾರಿ ಬರುವವನಿಂದ ದೂರವಿರಿ.

ಈಗ ಬ್ರೇಕಿನ ಒಳಗೆ ಇಣುಕೋಣ. ನಾನು ಇಂಗ್ಲಿಷ್ ಬಿ.ಎ. ಓದಿದವಳು, ಈ ಯಂತ್ರವಿದ್ಯೆ ನನಗೆ ಬಂದದ್ದು ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಪ್ರಶ್ನೆ ಕೇಳಿ ಕೇಳಿ. (ಅಲ್ಲಿಯ ಫಲಕಗಳಲ್ಲಿ ನಿಲ್ಲಿಸುವ ಬ್ರೇಕಿಗೆ ಮುರಿಯುವ ಬ್ರೇಕಿನ ಸ್ಪೆಲಿಂಗ್ ಬರೆದಿರುತ್ತಾರೆ. ಒಮ್ಮೊಮ್ಮೆ ಅದೇ ಸರಿ ಎನ್ನಿಸುತ್ತದೆ!) ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಸಣ್ಣ ಕೊಳವೆಗಳಲ್ಲಿ ಒತ್ತಿಕೊಂಡು ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಮುಂದೆ ಎರಡು ಪ್ಯಾಡುಗಳು ಡಿಸ್ಕನ್ನು ಚಿವುಟಿ ಹಿಡಿಯುತ್ತವೆ. ಹಿಂದೆ ವ್ಹೀಲ್ ಸಿಲಿಂಡರ್ ಎರಡು ಲೈನರುಗಳನ್ನು ಡ್ರಮ್ಮಿನ ಒಳಮೈಗೆ ಒತ್ತುತ್ತದೆ. ಇಡೀ ವ್ಯವಸ್ಥೆ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ದ್ರವವನ್ನು ಅದುಮಿ ಚಿಕ್ಕದು ಮಾಡಲಾಗದು. ಗಾಳಿಯನ್ನು ಅದುಮಬಹುದು. ಆದ್ದರಿಂದಲೇ ಕೊಳವೆಯೊಳಗೆ ಗಾಳಿ ಸೇರಿದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ. ಆಗ ಮೆಕ್ಯಾನಿಕ್ "ಹವಾ ತೆಗೀಬೇಕು" ಎನ್ನುತ್ತಾನೆ.

ಬ್ರೇಕ್ ಆಯಿಲ್‌ಗೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ನೋಡಿದ್ದೀರಲ್ಲ? ಹಾಗೆಯೇ ಇದೂ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂದು ಗುರುತು ಹಾಕಿದ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬುದು ನಿಯಮ. ಸುಮಾರು ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ತುಂಬಿದ ಗಾಡಿ ಘಾಟ್ ಇಳಿಯುವಾಗ ಬ್ರೇಕ್ ಒತ್ತಿಯೇ ಇದ್ದರೆ ಶಾಖ ಏರುತ್ತದೆ, ಹಳೆಯ ಎಣ್ಣೆ ಕುದಿಯುತ್ತದೆ, ಆವಿಯ ಗುಳ್ಳೆ ಏಳುತ್ತದೆ. ಆವಿಯನ್ನು ಅದುಮಬಹುದಲ್ಲವೇ? ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ವಿಚಿತ್ರವೆಂದರೆ ಅರ್ಧ ಗಂಟೆ ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಬ್ರೇಕ್ ಸರಿಯಾಗಿಯೇ ಹಿಡಿಯುತ್ತದೆ! ಬಡಪಾಯಿ ಚಾಲಕ "ಬ್ರೇಕ್ ಹತ್ತಲೇ ಇಲ್ಲ" ಎಂದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಗಾಡಿ ಹೆಚ್ಚು ಓಡಲಿ, ಕಡಿಮೆ ಓಡಲಿ, ಎರಡು ವರ್ಷಕ್ಕೊಮ್ಮೆಯಾದರೂ ಎಣ್ಣೆಯನ್ನು ಪೂರ್ತಿ ಬದಲಿಸಿ. ಗಾಡಿಯ ಪುಸ್ತಕದಲ್ಲಿ ಅದಕ್ಕಿಂತ ಬೇಗ ಎಂದಿದ್ದರೆ ಅದೇ ಸರಿ. ಯಾವ ಗುರುತಿನ ಎಣ್ಣೆ ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಇರುತ್ತದೆ. ಕೈಗೆ ಸಿಕ್ಕ ಇಂಜಿನ್ ಆಯಿಲ್ ಮಾತ್ರ ಎಂದೂ ಹಾಕಬೇಡಿ. ಒಳಗಿನ ರಬ್ಬರ್ ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ.

ಹೀಗೆ ಬ್ರೇಕ್ ಕೆಡುವುದು ಸಾಮಾನ್ಯವಾಗಿ ಒಂದೇ ದಿನದಲ್ಲಿ ಅಲ್ಲ. ಅದು ಮೊದಲೇ ಹೇಳುತ್ತದೆ, ಹೇಳುವುದು ಚಾಲಕನ ಕಾಲಿಗೆ. ನಮ್ಮ ಗಾಡಿ ಓಡಿಸುವ ಹುಡುಗ ವಿಜಯಪುರ ಕಡೆಯವನು. ಎರಡು ವರ್ಷದ ಹಿಂದೆ ಮದುವೆ ಹಂಗಾಮಿನಲ್ಲಿ ಒಂದು ಬೆಳಿಗ್ಗೆ, "ಅಕ್ಕಾರ, ಬ್ರೇಕ್ ಮೆತ್ತಗಾಗೇತ್ರಿ. ಎರಡ್ ಸಲ ಒತ್ತಿದ್ರ ಹಿಡೀತೈತಿ" ಎಂದ. ಅಂದೇ ಗ್ಯಾರೇಜಿಗೆ ಕಳಿಸಿದೆವು. ಅಲ್ಲಿ ಎಣ್ಣೆ ಕಡಿಮೆಯಾಗಿದೆ ಎಂದು ಮೇಲೆ ತುಂಬಿ ಕಳಿಸಿದರು. ವಾರದಲ್ಲಿ ಮತ್ತೆ ಅದೇ ಮಾತು. ಈ ಸಲ ಇನ್ನೊಬ್ಬ ಮೆಕ್ಯಾನಿಕ್‌ಗೆ ಹಿಂದಿನ ಡ್ರಮ್ ಬಿಚ್ಚಿಸಿ ನೋಡಿದರೆ ವ್ಹೀಲ್ ಸಿಲಿಂಡರ್ ಜಿನುಗಿ ಲೈನರ್ ಎಣ್ಣೆಯಲ್ಲಿ ನೆನೆದಿತ್ತು! ಮರುದಿನ ಆ ಗಾಡಿ ನೂರೈವತ್ತು ಜನರ ಅಡುಗೆ ಹೇರಿಕೊಂಡು ಖಂಡಾಳದ ಕಡೆ ಹೋಗುವುದಿತ್ತು. ಆ ಹುಡುಗ ಎರಡನೆಯ ಸಲ ಬಾಯಿ ಬಿಡದಿದ್ದರೆ? ಎಷ್ಟೋ ಹುಡುಗರು ಬಿಡುವುದಿಲ್ಲ, ಮಾಲಕರು ಸಿಟ್ಟಾಗುತ್ತಾರೆ, ದಿನದ ಪಗಾರ ಹೋಗುತ್ತದೆ ಎಂಬ ಅಂಜಿಕೆ.

ಎಣ್ಣೆಯ ಡಬ್ಬಿಯ ಮೇಲೆ ಎರಡು ಗೆರೆಗಳಿರುತ್ತವೆ. ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ಸರ್ರನೆ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಚಕ್ರದ ಒಳಬದಿಯಲ್ಲಿ ಒದ್ದೆಯ ಕಲೆ ಇದೆಯೇ ನೋಡಿ, ತುಂಬಿಸಿ ಸುಮ್ಮನಾಗಬೇಡಿ. ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದಾಗ ಅದು ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರ್ ಕೆಟ್ಟಿರಬಹುದು, ಇಲ್ಲವೇ ಎಲ್ಲೋ ಸೋರಿಕೆ. ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೆದರೆ ಒಂದು ಚಕ್ರ ಹಿಡಿಯುತ್ತಿದೆ, ಇನ್ನೊಂದು ಸರಿಯಾಗಿ ಹಿಡಿಯುತ್ತಿಲ್ಲ. ಚೀರುವ ಸದ್ದು ಪ್ಯಾಡ್ ಮುಗಿಯುತ್ತ ಬಂದದ್ದರ ಸೂಚನೆ ಇರಬಹುದು. ಕಬ್ಬಿಣ ಉಜ್ಜಿದಂತಹ ಕರಕರ ಸದ್ದು ಬಂದರೆ ಪ್ಯಾಡ್ ಮುಗಿದೇ ಹೋಗಿದೆ. ಲೈನರ್ ಆಗಲಿ ಪ್ಯಾಡ್ ಆಗಲಿ ಒಂದೇ ಬದಿಗೆ ಹಾಕಿಸಿ ದುಡ್ಡು ಉಳಿಸುವುದು ಬೇಡ, ಎಡಬಲ ಎರಡೂ ಒಟ್ಟಿಗೆ ಬದಲಿಸಬೇಕು.

ಬೂಸ್ಟರ್ ಪರೀಕ್ಷೆಯನ್ನಂತೂ ನೀವೇ ಮನೆಯ ಮುಂದೆ ಮಾಡಬಹುದು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಇಂಜಿನ್ ಬಂದ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ. ಅದು ಗಟ್ಟಿಯಾಗುತ್ತದೆ. ಹಾಗೇ ಒತ್ತಿ ಹಿಡಿದು ಇಂಜಿನ್ ಚಾಲೂ ಮಾಡಿ. ಪೆಡಲ್ ಕಾಲಡಿಯಲ್ಲಿ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಗ್ಯಾರೇಜು. ಡ್ರಮ್ ಬಿಚ್ಚಿದಾಗ ಒಳಗಿನ ಕಪ್ಪು ಪುಡಿಯನ್ನು ಮಾತ್ರ ಉಫ್ ಎಂದು ಊದಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ.

ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಮೇಲೆ ಬ್ರೇಕ್ ಸ್ವಲ್ಪ ಹೊತ್ತು ಹಿಡಿಯುವುದಿಲ್ಲ. ಹಿಂದೆ ಮುಂದೆ ನೋಡಿಕೊಂಡು ನಿಧಾನವಾಗಿ ಹೋಗುತ್ತ, ಹಗುರಾಗಿ ನಾಲ್ಕಾರು ಸಲ ಒತ್ತಿದರೆ ಒಣಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಹೆಚ್ಚಿನ ಭಾರ. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ ಹೇರಿ, "ಎಳೀತದಲ್ಲ!" ಎನ್ನುವವರನ್ನು ನಾನೇ ಕಂಡಿದ್ದೇನೆ. ಎಳೆಯುವುದು ದೊಡ್ಡದಲ್ಲ, ನಿಲ್ಲಬೇಕಲ್ಲ? ವೇಗ ಎರಡು ಪಟ್ಟಾದರೆ ಬ್ರೇಕ್ ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಇಳಿಜಾರಿನಲ್ಲಿ ಅದೆಲ್ಲ ಶಾಖವಾಗುತ್ತದೆ. ಇನ್ನು ಸಾಮಾನಿನ ಗಾಡಿಯಲ್ಲಿ ಜನರನ್ನು ತುಂಬುವುದು. 2018ರ ಏಪ್ರಿಲ್‌ನಲ್ಲಿ ನಮ್ಮ ವಿಜಯಪುರ ಜಿಲ್ಲೆಯ ಕೂಲಿಕಾರರನ್ನು ತುಂಬಿಕೊಂಡು ಪುಣೆಯ ಕಡೆ ಬರುತ್ತಿದ್ದ ಟ್ರಕ್ ಖಂಬಾಟಕಿ ಸುರಂಗದ ಈಚೆಯ ತಿರುವಿನಲ್ಲಿ ಮಗುಚಿತು. ಹೆಂಗಸರು, ಮಕ್ಕಳು ಸೇರಿ ಹದಿನೈದಕ್ಕೂ ಹೆಚ್ಚು ಜನ ಹೋದರು. ಅದಕ್ಕೆ ಬ್ರೇಕೇ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಹಿಂದೆ ಕೂತ ಆ ಜನರಿಗೆ ಸೀಟೂ ಇರಲಿಲ್ಲ, ಬೆಲ್ಟೂ ಇರಲಿಲ್ಲ. ಗಣಪತಿ ವಿಸರ್ಜನೆಗೆ, ಪಿಕ್ನಿಕ್‌ಗೆ ಎಂದು ಗೆಳೆಯರನ್ನೆಲ್ಲ ಛೋಟಾ ಹಾಥಿಯ ಹಿಂದೆ ಹತ್ತಿಸುವ ಮೊದಲು ಇದು ನೆನಪಿರಲಿ.

"ನಮ್ಮದು ಪಾಸಿಂಗ್ ಆಗಿದೆ" ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಸಾಗಾಣಿಕೆ ವಾಹನಕ್ಕೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್ನೆಸ್ ಪ್ರಮಾಣಪತ್ರ ಪಡೆಯಬೇಕು. ಅದು ಆ ಒಂದು ದಿನದ ಸ್ಥಿತಿ ಹೇಳುತ್ತದೆ, ಉಳಿದ ದಿನಗಳದು ನಮ್ಮ ಹೊಣೆ. ಮೋಟಾರು ವಾಹನ ಕಾಯ್ದೆ, 1988ರ 190ನೆಯ ಕಲಮಿನ ಪ್ರಕಾರ ಅಪಾಯಕಾರಿ ಸ್ಥಿತಿಯ ವಾಹನವನ್ನು ಓಡಿಸಿದವನಷ್ಟೇ ಅಲ್ಲ, ತಿಳಿದೂ ಓಡಿಸಗೊಟ್ಟವನೂ ತಪ್ಪಿತಸ್ಥ. ಆ "ಓಡಿಸಗೊಟ್ಟವನು" ನಮ್ಮ ನಿಮ್ಮ ಮನೆಯ ಯಜಮಾನರೇ ಆಗಿರಬಹುದು. 2022ರಲ್ಲಿ ಏಸ್ ಗಾಡಿಯ ವಿದ್ಯುತ್ ಮಾದರಿಯೂ ಬಂತು. ಅದರಲ್ಲಿ ಕಾಲು ತೆಗೆದಾಗ ಮೋಟಾರೇ ಗಾಡಿಯನ್ನು ತಡೆದು ಬ್ಯಾಟರಿಗೆ ವಿದ್ಯುತ್ ಹಿಂತಿರುಗಿಸುತ್ತದೆ, ಪ್ಯಾಡ್ ಕಡಿಮೆ ಸವೆಯುತ್ತದೆ. ಆದರೂ ಎಣ್ಣೆ, ರಬ್ಬರ್, ಲೈನರ್ ಅಲ್ಲೂ ಇವೆ, ನೋಡುವ ಕೆಲಸ ತಪ್ಪಿಲ್ಲ.

ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳು ಗಾಡಿಗೆ ಮೀಸಲು. ತಾರೀಖು, ಎಷ್ಟು ಕಿಲೋಮೀಟರ್ ಓಡಿದೆ, ಎಣ್ಣೆಯ ಮಟ್ಟ, ಏನು ಬದಲಿಸಿದ್ದು. ಕೊನೆಯ ಕಲಮು "ಹುಡುಗ ಏನಂದ". ತಿಂಗಳ ಮೊದಲ ಭಾನುವಾರ ಮಗ ಅವನ ಹತ್ತಿರ ಕೂತು ಕೇಳಿ ಬರೆಯುತ್ತಾನೆ. ಮಗನಿಗೆ ಕನ್ನಡ ಬರವಣಿಗೆಯೂ ಸ್ವಲ್ಪ ರೂಢಿಯಾಗುತ್ತಿದೆ, ಕಾಗುಣಿತ ಮಾತ್ರ ಆ ಹುಡುಗನೇ ತಿದ್ದುತ್ತಾನೆ. ಗ್ಯಾರೇಜಿನಲ್ಲಿ ಏನನ್ನೇ ಬದಲಿಸಿದರೂ ಹಳೆಯ ಪ್ಯಾಡ್, ಹಳೆಯ ಲೈನರ್ ಕೇಳಿ ಮನೆಗೆ ತರಬೇಕೆಂದು ಕಟ್ಟಪ್ಪಣೆ. ಹೊಸದರ ಪಕ್ಕ ಇಟ್ಟು ನೋಡಿದರೆ ಎಷ್ಟು ಸವೆದಿತ್ತು, ಬದಲಿಸಿದ್ದು ನಿಜವೇ ಎಂಬುದು ಎರಡೂ ತಿಳಿಯುತ್ತದೆ.