ಏಡಿ ಕೊರೆದ ಒಡ್ಡು

ನಾನು ಹಾವೇರಿ ಜಿಲ್ಲೆಯ ಒಣಬೇಸಾಯದ ರೈತ. ಕಲಿತದ್ದು ಏಳನೇ ಇಯತ್ತೆ. ವಯಸ್ಸು ಐವತ್ತಾರು. ಐದೂವರೆ ಎಕರೆ ಎರೆ ಹೊಲ. ಮುಂಗಾರಿಗೆ ಗೋವಿನಜೋಳ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಕಡಲೆ. ಮಳೆ ಬಂದರೆ ಬೆಳೆ, ಇಲ್ಲವಾದರೆ ಇಲ್ಲ. ಕರಾವಳಿಯ ಬೇಸಾಯದ ಬಗ್ಗೆ ಬರೆಯಲು ಇವನಿಗೇನು ಗೊತ್ತು ಅಂತ ಓದುಗರು ಕೇಳಬಹುದು. ಹೆಚ್ಚೇನೂ ಗೊತ್ತಿಲ್ಲ. ಆದರೆ ಅಲ್ಲಿ ನಾಲ್ಕು ದಿನ ಕಂಡದ್ದು ನನ್ನ ಹೊಲದ ಒಂದು ಹಳೇ ಜಗಳಕ್ಕೆ ಬಂದು ತಾಗಿತು. ಅದಕ್ಕೇ ಪೆನ್ನು ಹಿಡಿದೆ.

2023ರ ಬರ ಎಲ್ಲರಿಗೂ ನೆನಪಿದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರಕಾರವೇ ಸಾರಿತ್ತು. ಗೋವಿನಜೋಳ ಮೊಣಕಾಲೆತ್ತರಕ್ಕೆ ಬಂದು ಒಣಗಿತು. ದನಕ್ಕೆ ಕೊಯ್ದು ಹಾಕಿದೆ. ಅಕ್ಟೋಬರ್ ಕೊನೆಗೆ ಹೊಲದಲ್ಲಿ ಮಾಡುವ ಕೆಲಸವೇ ಇರಲಿಲ್ಲ. ನನ್ನ ಮಗ ಕುಮಟಾ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲೆ ಮಾಸ್ತರ. ನಮ್ಮ ಬಯಲುಸೀಮೆಯ ಹುಡುಗರು ಬಹಳ ಮಂದಿ ಆ ಕಡೆ ಮಾಸ್ತರರಾಗಿದ್ದಾರೆ. "ಅಪ್ಪಾ, ಮನೀ ಒಳಗ ಕುಂತು ಆಕಾಶ ನೋಡಿ ಏನ ಮಾಡತಿ, ಇಲ್ಲಿ ಬಾ" ಅಂದ. ಹೋದೆ.

ಅವನು ರಜೆ ಹಾಕಿ ಮೊದಲ ದಿನ ಮುರ್ಡೇಶ್ವರಕ್ಕೆ ಕರೆದೊಯ್ದ. ಅಲ್ಲಿಂದ ಭಟ್ಕಳ ಪೇಟೆ. ಮಲ್ಲಿಗೆ ಮಾಲೆ ಕಟ್ಟುವ ಕೈಗಳ ವೇಗ ನೋಡಿ ನಿಂತುಬಿಟ್ಟೆ. ಬೆಳಗ್ಗೆ ಕೊಯ್ದ ಮೊಗ್ಗು ಸಂಜೆ ಒಳಗೆ ಯಾರದೋ ತಲೆ ಸೇರದಿದ್ದರೆ ಅದಕ್ಕೆ ಬೆಲೆಯಿಲ್ಲ. ನಮ್ಮ ಜೋಳ ಹಗೇವಿನಲ್ಲಿ ವರ್ಷ ಕೂರುತ್ತಿತ್ತು. ಇಂಥ ಬೆಳೆ ಕಟ್ಟಿಕೊಂಡು ನನಗಂತೂ ನಿದ್ದೆ ಬರಲಾರದು.

ಬರುವಾಗ ಹೊನ್ನಾವರದ ಶರಾವತಿ ಸೇತುವೆ. ಅಷ್ಟು ಅಗಲದ ನೀರನ್ನು ನಾನು ಕಂಡಿರಲಿಲ್ಲ. ನಮ್ಮೂರಿಗೆ ಮೊದಲು ಬಂದ ಕರೆಂಟು ಇದೇ ಹೊಳೆಯದು ಅಂತ ಅಪ್ಪ ಹೇಳುತ್ತಿದ್ದ. ಬಸ್ಸಿನಲ್ಲಿ ಪಕ್ಕ ಕೂತವರು ಇನ್ನೊಂದು ವಿಷಯ ಹೇಳಿದರು. ಲಿಂಗನಮಕ್ಕಿ ಕಟ್ಟಿದ ಮೇಲೆ, ಆಮೇಲೆ ಗೇರುಸೊಪ್ಪೆಯಲ್ಲೂ ಕಟ್ಟಿದ ಮೇಲೆ, ವಿದ್ಯುತ್ ತೆಗೆದು ಬಿಟ್ಟ ಸಿಹಿನೀರು ವರ್ಷವಿಡೀ ಕೆಳಗೆ ಬರುತ್ತದೆ. ಅಳಿವೆಯಲ್ಲಿ ಬೇಸಿಗೆಗೆ ಏರಬೇಕಾದ ಉಪ್ಪು ಏರುವುದಿಲ್ಲ. ಹೀಗಾಗಿ ಹಿಂದೆ ಸಿಗುತ್ತಿದ್ದ ಚಿಪ್ಪಿ, ಬೆಳಚು ಬಹಳ ಕಡಿಮೆಯಾದವು. ಕುಮಟೆಯ ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ, ಅಲ್ಲಿ ಇನ್ನೂ ಬುಟ್ಟಿಗಟ್ಟಲೆ ಸಿಗುತ್ತವೆ ಅಂದರು. ಸಿಹಿನೀರು ಹೆಚ್ಚಾದದ್ದೇ ಒಂದು ತೊಂದರೆ ಅಂತ ನಾನು ಕೇಳಿದ್ದು ಅದೇ ಮೊದಲು. ನಮಗೆ ಒಂದು ಕೊಡ ಸಿಹಿನೀರಿಗೆ ಜಗಳ.

ಉಪ್ಪುನೀರಿನ ಭತ್ತ

ಮರುದಿನ ಮಗ ಶಾಲೆಗೆ ಹೋದ. ನಾನು ಮಾಣಿಕಟ್ಟಾ ಕಡೆ ಗಜನಿ ನೋಡಲು ಹೋದೆ. ಹೊಳೆಯ ಅಳಿವೆಗೆ ಹೊಂದಿದ ತಗ್ಗು ಭೂಮಿಗೆ ಅಲ್ಲಿ ಗಜನಿ ಅನ್ನುತ್ತಾರೆ. ದಿನಕ್ಕೆ ಎರಡು ಸಲ ಸಮುದ್ರದ ಭರತ ಒಳಗೆ ಬರುತ್ತದೆ, ಎರಡು ಸಲ ಇಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಜೋರು. ಆ ನೀರನ್ನು ತಡೆಯಲು ಉದ್ದಕ್ಕೂ ಒಡ್ಡು, ಅಲ್ಲಲ್ಲಿ ಹಲಗೆಯ ಬಾಗಿಲು. ಒಡ್ಡಿನ ಒಳಗೆ ಕಗ್ಗ ಎಂಬ ಭತ್ತ.

ನಾನು ಹೋದಾಗ ಕೊಯ್ಲು ನಡೆದಿತ್ತು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಬರೀ ತೆನೆಯ ಭಾಗ ಕೊಯ್ಯುತ್ತಿದ್ದರು. ಹುಲ್ಲು ಅಲ್ಲೇ. ನಮ್ಮಲ್ಲಿ ಹಾಗೆ ಮೇವು ಬಿಟ್ಟರೆ ಹಿರಿಯರು ಬೈದು ಊಟ ಹಾಕುತ್ತಿರಲಿಲ್ಲ. ಒಡ್ಡಿನ ಮೇಲೆ ಕೂತಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಕೇಳಿದೆ.

"ಯಜಮಾನ್ರ, ಈ ಹುಲ್ಲು ಹಾಳಾಗೂದಿಲ್ರೀ?"

"ಹಾಳಾಗೂದಲ್ಲ, ಕೊಳೀತದೆ. ಮೀನಿಗೆ, ಸಿಗಡಿಗೆ ಅದೇ ಊಟ. ನೀವು ಮಾಸ್ತರ ಅಪ್ಪನೋ? ಕೂತ್ಕೊಳ್ಳಿ."

ಕೂತೆ. ಮಧ್ಯಾಹ್ನದ ತನಕ ಎದ್ದಿಲ್ಲ. ಅವರು ಹೇಳಿದ ಕ್ರಮ ಹೀಗೆ. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆಯಬೇಕು. ಇಳಿತದ ಹೊತ್ತಿಗೆ ಬಾಗಿಲು ತೆಗೆದು ತೊಳೆದ ನೀರು ಹೊರಗೆ ಬಿಡುತ್ತಾರೆ, ಭರತಕ್ಕೆ ಮುಚ್ಚುತ್ತಾರೆ. ಆಮೇಲೆ ಮೊಳಕೆ ಕಟ್ಟಿದ ಬೀಜವನ್ನು ಕೆಸರಿಗೆ ಎರಚುವುದು. ಗೊಬ್ಬರ ಇಲ್ಲ, ಔಷಧ ಇಲ್ಲ. ಪೈರು ಆಳೆತ್ತರ ಬೆಳೆಯುತ್ತದೆ. ಕೆಲವು ದಿನ ನೆರೆಯಲ್ಲಿ ಮುಳುಗಿದರೂ, ಸ್ವಲ್ಪ ಉಪ್ಪುನೀರು ತಾಗಿದರೂ ತಡೆದುಕೊಳ್ಳುತ್ತದೆ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡುತ್ತಾರೆ. ಅದರ ಜೊತೆ ಮೀನು, ಸಿಗಡಿಯ ಮರಿ ಬರುತ್ತವೆ. ಮುಂದಿನ ಮಳೆಯ ತನಕ ಅದು ಮೀನಿನ ಗದ್ದೆ. ಕೊಕ್ಕರೆ, ಬಾತುಕೋಳಿ ಬಂದು ಕೂರುವುದೂ ಅಲ್ಲಿಗೇ. ಕಗ್ಗದ ಇಳುವರಿ ಕಡಿಮೆ. ಅಕ್ಕಿ ಕೆಂಪು, ಗಂಜಿಗೆ ಚೆನ್ನ. ಮಗನ ಮನೆಯಲ್ಲಿ ಉಂಡೆ. ನಮ್ಮ ರೊಟ್ಟಿಯಂತೆ ಹೊಟ್ಟೆಯಲ್ಲಿ ನಿಲ್ಲುತ್ತದೆ.

ಕೇರಳದಲ್ಲಿ ಪೊಕ್ಕಾಳಿ, ಗೋವೆಯಲ್ಲಿ ಖಾಜನ್ ಅಂತ ಇಂಥವೇ ಗದ್ದೆಗಳಿವೆಯಂತೆ.

ನಾನು ಆಗ ನನ್ನ ಹೊಲ ನೆನೆಸಿಕೊಂಡೆ. ಸಣ್ಣವನಿದ್ದಾಗ ನಮ್ಮಲ್ಲೂ ಜೋಳದ ಜೊತೆ ಅಕ್ಕಡಿ ಸಾಲಿನಲ್ಲಿ ತೊಗರಿ, ಹೆಸರು, ಅಲಸಂದಿ, ಗುರೆಳ್ಳು. ಬೆಳೆ ತೆಗೆದ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದೆವು. ಕುರಿಯವರಿಗೆ ಕಾಳು, ಹೊಲಕ್ಕೆ ಹಿಕ್ಕೆ. ಎಲ್ಲಾ ಸೇರಿ ಒಂದೇ ಲೆಕ್ಕ. 2002ರಲ್ಲಿ ಬಿಟಿ ಹತ್ತಿ ಬಂತು, ಕೆಲವು ವರ್ಷದಲ್ಲಿ ನನ್ನ ಹೊಲಕ್ಕೂ ಬಂತು, ಹೈಬ್ರಿಡ್ ಗೋವಿನಜೋಳ ಬಂತು. ಅಕ್ಕಡಿ ಸಾಲು ನಾನೇ ಕಿತ್ತೆ, ಯಾರೂ ಒತ್ತಾಯ ಮಾಡಲಿಲ್ಲ. ಈಗ ಬೀಜದ್ದು ಒಂದು ಲೆಕ್ಕ, ಗೊಬ್ಬರದ್ದು ಒಂದು, ಮೇವಿನದು ಬೇರೆ. ಎಲ್ಲ ಲೆಕ್ಕವೂ ಅಂಗಡಿ ಖಾತೆಯಲ್ಲಿ ಒಟ್ಟಾಗುತ್ತವೆ.

"ನಿಮಗ ಬೇಕಾದ್ದು ಬಿತ್ತೋ ಹಂಗಿಲ್ಲಲ್ರೀ ಇಲ್ಲಿ" ಅಂತ ಹಿರಿಯರಿಗೆ ಹೇಳಿದೆ. ಒಬ್ಬ ಕಗ್ಗ, ಪಕ್ಕದವ ಬೇರೆ ಬೆಳೆ ಅಂದರೆ ನಡೆಯುವುದಿಲ್ಲ. ಬಾಗಿಲು ಒಂದೇ, ನೀರು ಒಂದೇ. ಎಲ್ಲರೂ ಒಂದೇ ದಿನ ಬಿತ್ತಬೇಕು.

"ಇಲ್ಲ, ಆಗೂದಿಲ್ಲ" ಅಂತ ನಕ್ಕರು. "ನಿಮ್ಮಲ್ಲಿ ಆಗ್ತದೋ?"

ಆಗುತ್ತದೆ ಅಂದೆ. ಹೇಳಿದ ಮೇಲೆ ಮುಂಗಾರಿಗೆ ಮುಂಚೆ ಅಂಗಡಿಯವರು ಯಾವ ಚೀಲ ಕೊಟ್ಟರೋ ಅದನ್ನೇ ತಂದು ಬಿತ್ತಿದ್ದು ನೆನಪಾಯಿತು. ಅವರಿಗೆ ನೆರೆಯವರ ಕಟ್ಟು, ನನಗೆ ಖಾತೆಯ ಕಟ್ಟು.

ಬಾಗಿಲು ತೆರೆದಿಟ್ಟ ವರ್ಷಗಳು

ಅವರು ಎಲ್ಲಾ ಒಗ್ಗಟ್ಟಿನ ದೇವರುಗಳು ಅಂತ ತಿಳಿಯಬೇಡಿ. ಒಡ್ಡಿನ ಕೆಲಸಕ್ಕೆ ಕರೆದರೆ ಬಾರದವರು ಇದ್ದಾರೆ. ರಾತ್ರಿ ಕದ್ದು ಬಾಗಿಲು ಎತ್ತಿ ಬಲೆ ಹಾಕಿದವರೂ ಇದ್ದಾರಂತೆ. 1980–90ರ ದಶಕದಲ್ಲಿ ಸಿಗಡಿಗೆ ಬೆಲೆ ಬಂತು. ಹೊರಗಿನವರು ಬಂದು ಗಜನಿಯನ್ನು ಗುತ್ತಿಗೆ ಕೇಳಿದರು. ಭತ್ತದಲ್ಲಿ ಕಾಣದ ದುಡ್ಡು ಮುಂಗಡವಾಗಿ ಕೈಗೆ ಸಿಕ್ಕಿತು. ಬಾಗಿಲು ವರ್ಷವಿಡೀ ತೆರೆದು ಉಪ್ಪುನೀರು ಒಳಗೇ ನಿಲ್ಲಿಸಿದರು. ದಂಡೆಯ ಕಾಂಡ್ಲ ಗಿಡಗಳು ಹೋದವು. ಅಕ್ಕಪಕ್ಕದ ಬಾವಿ ಉಪ್ಪಾದವು. 1990ರ ದಶಕದ ಮಧ್ಯದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗ ಬಂತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿ ವಲಯದ ಸಿಗಡಿ ಹೊಂಡಗಳ ವಿರುದ್ಧ ತೀರ್ಪು ಕೊಟ್ಟಿತು. ಎಷ್ಟೋ ಗಜನಿಗಳು ಭತ್ತವೂ ಇಲ್ಲ, ಸಿಗಡಿಯೂ ಇಲ್ಲ ಅಂತ ಬಿದ್ದವು. ಮಾಣಿಕಟ್ಟಾದವರು ಸಂಘ ಮಾಡಿಕೊಂಡು ಕಗ್ಗದ ಬೀಜ ಉಳಿಸಿಕೊಂಡರು.

"ಯಾರು ಕೊಟ್ರು ಯಜಮಾನ್ರ, ಗುತ್ತಿಗೆಗೆ?"

"ಯಾರು ಅಂದ್ರೆ? ನಾನೂ ಕೊಟ್ಟಿದ್ದೆ" ಅಂದರು. ಮಗಳ ಮದುವೆ ಇತ್ತಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಸಮರ್ಥನೆಯೂ ಇರಲಿಲ್ಲ. ಮಳೆ ಬಂದಿತ್ತು ಅನ್ನುವಂತೆ ಹೇಳಿದರು.

ಆಮೇಲೆ ಎದ್ದು ನನ್ನನ್ನು ಒಡ್ಡಿನ ಮೇಲೆ ಸ್ವಲ್ಪ ದೂರ ಕರೆದೊಯ್ದರು. ಬಗ್ಗಿ ಒಂದು ತೂತು ತೋರಿಸಿದರು. ಎರಡು ಬೆರಳು ಹೋಗುವಷ್ಟು. ಏಡಿ ಬಿಲ. ಇಳಿತದಲ್ಲಿ ಏನೂ ಕಾಣುವುದಿಲ್ಲ. ಭರತ ಏರಿದಾಗ ಒಳಗೆ ನೀರು ನುಗ್ಗಿ ಮಣ್ಣು ಕರಗಿಸುತ್ತದೆ. ಎರಡು ಮೂರು ದಿನದಲ್ಲಿ ಕೈ ಹೋಗುತ್ತದೆ, ಒಂದು ಅಮಾವಾಸ್ಯೆಗೆ ಆಳು ಹೋಗುವಷ್ಟು ಒಡೆಯುತ್ತದೆ. ಅವರು ಹಿಡಿ ಮಣ್ಣು ತುಂಬಿ ಹಿಮ್ಮಡಿಯಿಂದ ತುಳಿದರು.

"ಇದು ಯಾರ ಪಾಲಿನ ಒಡ್ಡುರೀ?"

"ನಂದಲ್ಲ. ಒಡೆದ್ರೆ ನನ್ನದೂ ಹೋಗ್ತದಲ್ಲ."

ನನ್ನ ಹೊಲದ ಒಡ್ಡು

ಇಲ್ಲಿಗೆ ನನ್ನ ಜಗಳದ ಕತೆ. ಅಪ್ಪ ಬಿಟ್ಟ ಹನ್ನೊಂದು ಎಕರೆಯನ್ನು ಅಣ್ಣ-ನಾನು ಸಮ ಹಂಚಿಕೊಂಡೆವು. ಅಣ್ಣನದು ಮೇಲೆ, ನನ್ನದು ಕೆಳಗೆ. ನಡುವೆ ಒಡ್ಡು. ಅದರಲ್ಲಿ ಹೆಚ್ಚಾದ ನೀರು ಇಳಿಯಲು ಅಪ್ಪ ಕಲ್ಲು ಜೋಡಿಸಿ ಒಂದು ಕೋಡಿ ಇಟ್ಟಿದ್ದ. 2009ರ ಅಕ್ಟೋಬರ್ ಮಳೆಗೆ ಅಣ್ಣನ ಹೊಲದ ನೀರು ಕೋಡಿಯಿಂದ ಇಳಿದು ನನ್ನ ಹತ್ತಿ ಮಲಗಿಸಿತು. ನಾನು ಸಿಟ್ಟಿನಿಂದ ಕೋಡಿ ಮುಚ್ಚಿ ಒಡ್ಡನ್ನು ಒಂದೂವರೆ ಅಡಿ ಏರಿಸಿದೆ. ನನ್ನ ಹೊಲ, ನನ್ನ ಸ್ವಾತಂತ್ರ್ಯ ಅಂದೆ. ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಮರುವರ್ಷ ಅಣ್ಣನ ಹೊಲದಲ್ಲಿ ನೀರು ನಿಂತು ಉಳ್ಳಾಗಡ್ಡಿ ಕೊಳೆಯಿತು. ಬಂದು ಕೇಳಿದ. ನಾನು ಮಾತಾಡಲಿಲ್ಲ.

2019ರ ಆಗಸ್ಟಿನಲ್ಲಿ ವಾರಗಟ್ಟಲೆ ಮಳೆ. ಒಂದು ರಾತ್ರಿ ಒಡ್ಡು ನಡುವೆ ಒಡೆಯಿತು. ನನ್ನ ಹೊಲದಲ್ಲಿ ಸೊಂಟಮಟ್ಟದ ಕೊರಕಲು, ಅರವತ್ತು ಅಡಿ ಉದ್ದ. ಮೇಲ್ಮಣ್ಣು ಹಳ್ಳಕ್ಕೆ ಹೋಯಿತು. ಅಣ್ಣನೇ ರಾತ್ರಿ ಸಲಿಕೆ ತಂದು ಕಡಿದ ಅಂತ ಊರ ಹಿರಿಯರ ಮುಂದೆ ಹೇಳಿದೆ. ಅಣ್ಣ ಇಲ್ಲ ಅಂದ. ಆಣೆ ಮಾಡು ಅಂದೆ. ಮಾಡಿದ. ಆದರೂ ನಂಬಲಿಲ್ಲ. ಅಂದಿನಿಂದ ಮಾತಿಲ್ಲ. ಅಣ್ಣನ ಮಗಳ ಮದುವೆಗೂ ಹೋಗಲಿಲ್ಲ.

ಆ ಒಡ್ಡಿನಲ್ಲಿ ಹೆಗ್ಗಣದ ಬಿಲ ಇದ್ದವು. ಒಡೆಯುವ ಮುಂಚಿನ ಬೇಸಿಗೆಯಲ್ಲಿ ನಾನೇ ಕಂಡಿದ್ದೆ. ಅಣ್ಣನ ಕಡೆಯ ಮಗ್ಗುಲಲ್ಲಿ ಬಾಯಿ ಇತ್ತು. ಅವನದು, ಅವನು ಮುಚ್ಚಲಿ ಅಂತ ಬಂದಿದ್ದೆ. ನಾಲ್ಕು ವರ್ಷ ಇದು ನನಗೆ ನೆನಪಾಗಿಯೇ ಇರಲಿಲ್ಲ. ಮನುಷ್ಯ ತನಗೆ ಬೇಡದ್ದನ್ನು ಎಷ್ಟು ಸಲೀಸಾಗಿ ಮರೆಯುತ್ತಾನೆ ನೋಡಿ. ಹಿರಿಯರು ಹಿಮ್ಮಡಿಯಿಂದ ಮಣ್ಣು ತುಳಿಯುವಾಗ ಆ ಬಿಲದ ಬಾಯಿ ಕಣ್ಣ ಮುಂದೆ ಬಂತು.

ಸಂಜೆ ಮಗ ಗೋಕರ್ಣ ದಾರಿಯ ಸಾಣಿಕಟ್ಟಾ ಉಪ್ಪಿನಾಗರ ತೋರಿಸಿದ. ಅದನ್ನೂ ಸಹಕಾರ ಸಂಘವೇ ನಡೆಸುತ್ತದೆ. ಪಕ್ಕದ ತಾಲ್ಲೂಕು ಅಂಕೋಲೆಯಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ಆದದ್ದು ಶಾಲೆಯಲ್ಲಿ ಓದಿದ್ದೆ. ಮಗ ಇನ್ನೊಂದು ಹೇಳಿದ. ಮುಂದೆ ಅಂಕೋಲಾ, ಸಿದ್ದಾಪುರ ತಾಲ್ಲೂಕುಗಳ ರೈತರು ಕರನಿರಾಕರಣೆ ಮಾಡಿ, ಸರಕಾರ ಜಪ್ತಿ ಮಾಡಿದ ಹೊಲ-ಮನೆ ಬಿಟ್ಟು ಹೊರಬಿದ್ದರಂತೆ. ಸ್ವಾತಂತ್ರ್ಯ ಅಂತ ಇದ್ದ ಹೊಲವನ್ನೇ ಬಿಟ್ಟವರು ಅವರು. ಅದೇ ಶಬ್ದ ಹೇಳಿ ಒಂದೂವರೆ ಅಡಿ ಒಡ್ಡು ಏರಿಸಿದವನು ನಾನು. ಆ ರಾತ್ರಿ ಸರಿಯಾಗಿ ಊಟ ಸೇರಲಿಲ್ಲ. ಸೊಸೆ ಮೀನಿನ ವಾಸನೆಗೆ ಅಂದುಕೊಂಡಳು.

ಊರಿಗೆ ಬಂದ ಮೇಲೂ ತಕ್ಷಣ ಏನೂ ಮಾಡಲಿಲ್ಲ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯನ್ನು ರಾಮ್ಸರ್ ಪಟ್ಟಿಗೆ ಸೇರಿಸಿದ ಸುದ್ದಿ ಪೇಪರಿನಲ್ಲಿ ಬಂತು, 4801 ಹೆಕ್ಟೇರ್ ಅಂತ. ಕತ್ತರಿಸಿ ಇಟ್ಟುಕೊಂಡೆ. ಮೇ ತಿಂಗಳಲ್ಲಿ ಪ್ಲಾಸ್ಟಿಕ್ ಪೈಪಿಗೆ ನೀರು ತುಂಬಿ ಮಟ್ಟ ಹಿಡಿದೆ, ಏರಿಸಿದ ಮಣ್ಣು ಇಳಿಸಿದೆ, ಅಪ್ಪ ಇಟ್ಟ ಜಾಗದಲ್ಲೇ ಕೋಡಿ ತೆಗೆದೆ. ನೀರು ಬೀಳುವ ಕಡೆ ಚಪ್ಪಡಿ ಹಾಸಿದೆ, ಇಲ್ಲವಾದರೆ ಬುಡ ಕೊರೆಯುತ್ತದೆ. ಅಲ್ಲಿಂದ ಹಳ್ಳದವರೆಗೆ ಹುಲ್ಲಿನ ಕಾಲುವೆ ಬಿಟ್ಟೆ. ಮೂರು ಗುಂಟೆ ಹೋಯಿತು. ಬಿಲಗಳನ್ನು ಎರಡೂ ಮಗ್ಗುಲಲ್ಲಿ ಅಗೆದು ತುಂಬಿದೆ. ಅಣ್ಣನ ಮಗ ಎರಡು ದಿನ ದೂರದಿಂದ ನೋಡಿ ಮೂರನೇ ದಿನ ಟ್ರ್ಯಾಕ್ಟರಿನಲ್ಲಿ ಕಲ್ಲು ತಂದು ಕೆಡವಿ ಹೋದ. ಏನೂ ಮಾತಾಡಲಿಲ್ಲ.

ಜೂನ್ ಎರಡನೇ ವಾರ ದೊಡ್ಡ ಮಳೆ. ಗೋಣಿ ಕೊಪ್ಪೆ ಹಾಕಿಕೊಂಡು ಓಡಿದೆ. ಅಣ್ಣ ಆಗಲೇ ಒಡ್ಡಿನ ಮೇಲೆ ಛತ್ರಿ ಹಿಡಿದು ನಿಂತಿದ್ದ. ಅವನ ಹೊಲದಲ್ಲಿ ಮೊಳಕಾಲ ಕೆಳಗೆ ನೀರು. ಬಹಳ ಹೊತ್ತು ಇಬ್ಬರೂ ನೀರು ನೋಡಿದೆವು.

"ಕಲ್ಲು ಒಂದು ಗೇಣು ಎತ್ತರ ಆಗೇತಿ" ಅಂದ.

ಇಳಿದು ಮೇಲಿನ ಒಂದು ವರಸೆ ಕಲ್ಲು ತೆಗೆದೆ. ನೀರು ಹಾಸುಗಲ್ಲಿನ ಮೇಲೆ ಬಿದ್ದು ಕಾಲುವೆ ಹಿಡಿಯಿತು. ತಿರುಗಿ ನೋಡುವಷ್ಟರಲ್ಲಿ ಅವನು ಮನೆ ಹಾದಿ ಹಿಡಿದಿದ್ದ. ಅಂದಿನಿಂದ ಹೊಲದ ಕೆಲಸದ ಮಾತು ಆಡುತ್ತೇವೆ, ಅಷ್ಟೇ. ಹೆಗ್ಗಣದ ಬಿಲದ ವಿಷಯ ನಾನಿನ್ನೂ ಅವನಿಗೆ ಹೇಳಿಲ್ಲ. ಬಾಯಿ ಬರುವುದಿಲ್ಲ. ಈ ಬರಹ ಅಚ್ಚಾದರೆ ಪತ್ರಿಕೆಯ ಒಂದು ಪ್ರತಿ ಅವನ ಮಗನ ಕೈಯಲ್ಲಿ ಕಳಿಸುವವನಿದ್ದೇನೆ. ಅಣ್ಣ ನಾಲ್ಕನೇ ಇಯತ್ತೆ, ಆದರೆ ಓದಲು ಬರುತ್ತದೆ.